ಶತ್ರು ಇಲ್ಲದೆಯೂ ವಿಮಾನ ಬೀಳುವುದು ಯಾಕೆ? ಯುದ್ಧಕಾಲದ ಪರೀಕ್ಷಾ ಹಾರಾಟಗಳ ಒಳಗುಟ್ಟು

2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ 2000 ಯುದ್ಧವಿಮಾನ ಬಿತ್ತು. ವಾಯುಪಡೆಯ ಇಬ್ಬರು ಟೆಸ್ಟ್ ಪೈಲಟ್‌ಗಳು ತೀರಿಕೊಂಡರು. ಯುದ್ಧ ಇಲ್ಲ, ಯಾರೂ ಗುಂಡು ಹೊಡೆದಿಲ್ಲ, ಮತ್ತೆ ವಿಮಾನ ಹೇಗೆ ಬಿತ್ತು ಅಂತ ಆಗ ತುಂಬಾ ಜನ ಕೇಳಿದರು. ಈಚೆಗೆ ಕೇಳುತ್ತಿರುವುದು ಇನ್ನೊಂದು ಪ್ರಶ್ನೆ. ಗಡಿಯಲ್ಲಿ ಬಿಸಿ ಏರಿದಾಗಲೆಲ್ಲ, ನಮ್ಮದೇ ಯುದ್ಧವಿಮಾನ ತೇಜಸ್‌ನ ಹೊಸ ರೂಪ ಮಾರ್ಕ್ 1ಎ ಬರೋದು ಯಾಕಿಷ್ಟು ತಡ, ಬೇಗ ಬೇಗ ಮಾಡಿ ಕೊಟ್ಟುಬಿಡಬಾರದಾ ಎನ್ನುತ್ತಾರೆ.

ಬೇಗ ಬೇಗ ಮಾಡಿ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಎರಡನೇ ಮಹಾಯುದ್ಧದಲ್ಲಿ ಬೇಕಾದಷ್ಟು ದಾಖಲೆ ಇದೆ. ಆಗ ಅವಸರಕ್ಕೆ ನಿಜವಾದ ಕಾರಣವೂ ಇತ್ತು. ಹಾಗಾಗಿ ಅವಸರ ಮಾಡಿದವರೆಲ್ಲ ದಡ್ಡರು ಅಂತ ನಗುವ ಹಾಗಿಲ್ಲ.

ಪರೀಕ್ಷಾ ಹಾರಾಟದಲ್ಲೂ ಬಗೆಗಳಿವೆ

ಸುದ್ದಿಯಲ್ಲಿ ಸುಮ್ನೆ "ಪರೀಕ್ಷಾ ಹಾರಾಟದ ವೇಳೆ" ಅಂತ ಬರೆದುಬಿಡುತ್ತಾರೆ. ಒಳಗೆ ನೋಡಿದರೆ ಅದು ನಾಲ್ಕು ಬೇರೆ ಬೇರೆ ಕೆಲಸ.

ಮೊದಲನೆಯದು ಪ್ರೊಟೊಟೈಪ್ ಹಾರಾಟ. ಅಂದರೆ ಹೊಸ ವಿನ್ಯಾಸದ ಮೊದಲ ಒಂದೆರಡು ವಿಮಾನಗಳನ್ನು ಹಾರಿಸಿ ನೋಡುವುದು. ಕಾಗದದ ಮೇಲಿನ ಲೆಕ್ಕ ಗಾಳಿಯಲ್ಲಿ ನಿಜವಾಗುತ್ತದಾ ಅಂತ ಇಲ್ಲಿ ನೋಡುತ್ತಾರೆ. ಮೊದಲ ದಿನ ನಿಧಾನ ವೇಗ, ಕಡಿಮೆ ಎತ್ತರ. ಆಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ಬಿರುಸಿನ ತಿರುವು ತನಕ ವಿಮಾನ ಸುರಕ್ಷಿತ ಎಂಬ ಮಿತಿಗೆ ಈ ಕಸುಬಿನವರು 'ಎನ್ವಲಪ್' ಅನ್ನುತ್ತಾರೆ. ಅದನ್ನು ಹಂತಹಂತವಾಗಿ ಹಿಗ್ಗಿಸುವುದೇ ಪ್ರೊಟೊಟೈಪ್ ಪೈಲಟ್‌ನ ಕೆಲಸ.

ಎರಡನೆಯದು ಒಪ್ಪಿಗೆ ಹಾರಾಟ. ವಿನ್ಯಾಸ ಹಳೆಯದೇ, ವಿಮಾನ ಮಾತ್ರ ಕಾರ್ಖಾನೆಯಿಂದ ಈಗತಾನೇ ಹೊರಬಂದಿರುತ್ತದೆ. ಪ್ರತಿಯೊಂದನ್ನೂ ಒಮ್ಮೆ ಹಾರಿಸಿ ನೋಡಿದ ಮೇಲೆಯೇ ಪಡೆಗೆ ಕೊಡುವುದು. ಬೆಂಗಳೂರಿನಲ್ಲಿ ಬಿದ್ದ ಮಿರಾಜ್ ಇಂಥ ಹಾರಾಟದ್ದೇ. ಹಳೆಯ ವಿಮಾನವನ್ನು ಮೇಲ್ದರ್ಜೆಗೇರಿಸಿ ಒಪ್ಪಿಸುವ ಮೊದಲು ಪರೀಕ್ಷಿಸುತ್ತಿದ್ದರು.

ಮೂರನೆಯದು ರಿಪೇರಿಯ ನಂತರದ ಹಾರಾಟ. ನಾಲ್ಕನೆಯದರಲ್ಲಿ ವಿಮಾನದ ಪರೀಕ್ಷೆಯೇ ಇಲ್ಲ. ಹೊಸ ರೇಡಾರ್, ಹೊಸ ಆಯುಧ ಏನಾದರೂ ಇದ್ದರೆ ಅದನ್ನು ಹಳೆಯ ವಿಮಾನಕ್ಕೆ ಕಟ್ಟಿ, ವಿಜ್ಞಾನಿಗಳನ್ನೂ ಹತ್ತಿಸಿಕೊಂಡು ಮೇಲೆ ಹೋಗಿ ನೋಡುವುದು.

ಅಪಾಯ ಮೊದಲನೆಯದರಲ್ಲೇ ಜಾಸ್ತಿ ಅಂತ ಅನಿಸುತ್ತದೆ. ಆದರೆ ಯುದ್ಧಕಾಲದ ದಾಖಲೆ ಓದುತ್ತಾ ಹೋದರೆ ನಾಲ್ಕರಲ್ಲೂ ಜನ ಸತ್ತಿದ್ದಾರೆ. ಸತ್ತ ಕಾರಣಗಳೂ ನಾವಂದುಕೊಂಡಷ್ಟು ದೊಡ್ಡವಲ್ಲ.

ಯುದ್ಧ ಬಂದರೆ ಸಾಲು ಉಲ್ಟಾ ಆಗುತ್ತದೆ

ಶಾಂತಿಕಾಲದಲ್ಲಿ ಒಂದು ಕ್ರಮ ಇದೆ. ವಿನ್ಯಾಸ ಮಾಡು, ಒಂದೆರಡು ಪ್ರೊಟೊಟೈಪ್ ಕಟ್ಟು, ಹಾರಿಸು, ತಪ್ಪು ಹುಡುಕು, ತಿದ್ದು, ಮತ್ತೆ ಹಾರಿಸು. ಎಲ್ಲ ಸರಿ ಅನಿಸಿದ ಮೇಲೆ ಕಾರ್ಖಾನೆ ಶುರು ಮಾಡು. ಇದಕ್ಕೆ ವರ್ಷಗಟ್ಟಲೆ ಬೇಕು.

ಯುದ್ಧದಲ್ಲಿ ಅಷ್ಟು ವರ್ಷ ಎಲ್ಲಿಂದ ತರೋದು? ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಶುರು ಮಾಡುತ್ತಾರೆ. ಅಮೆರಿಕದ ಬೋಯಿಂಗ್ ಕಂಪನಿಯ ಬಿ-29 ಬಾಂಬರ್ ಇದಕ್ಕೆ ಒಳ್ಳೆ ಉದಾಹರಣೆ. 1942ರ ಸೆಪ್ಟೆಂಬರ್ 21ರಂದು ಅದರ ಮೊದಲ ಪ್ರೊಟೊಟೈಪ್ ಸಿಯಾಟಲ್‌ನಲ್ಲಿ ಮೊದಲ ಸಲ ನೆಲ ಬಿಟ್ಟಿತು. ಆ ಹೊತ್ತಿಗೆ ಸೇನೆ ಒಂದೂವರೆ ಸಾವಿರಕ್ಕೂ ಹೆಚ್ಚು ಬಿ-29ಗಳಿಗೆ ಆರ್ಡರ್ ಕೊಟ್ಟಾಗಿತ್ತು. ಹುಡುಗಿ ನೋಡೋ ಮುಂಚೆಯೇ ಛತ್ರ ಬುಕ್ ಮಾಡಿ ಲಗ್ನಪತ್ರಿಕೆ ಹಂಚಿದ ಹಾಗೆ. ಪರೀಕ್ಷೆಯಲ್ಲಿ ಏನೋ ಸರಿ ಇಲ್ಲ ಅಂತ ಗೊತ್ತಾದರೂ ಕಾರ್ಖಾನೆ ನಿಲ್ಲುವುದಿಲ್ಲ. ನಿಲ್ಲಿಸಿದರೆ ಸಾವಿರಾರು ಕೆಲಸಗಾರರು, ಹತ್ತಾರು ಕಡೆ ಬಿಡಿಭಾಗ ಮಾಡುವವರು ಎಲ್ಲರೂ ಕೈಕಟ್ಟಿ ಕೂರಬೇಕು.

ಇಡೀ ಬಿ-29 ಯೋಜನೆಗೆ ಸುಮಾರು 300 ಕೋಟಿ ಡಾಲರ್ ಖರ್ಚಾಯಿತು. ಅಣುಬಾಂಬ್ ತಯಾರಿಸಿದ ಯೋಜನೆಗೆ ಆಗಿದ್ದು ಸುಮಾರು 200 ಕೋಟಿ. ಬಾಂಬಿಗಿಂತ ಅದನ್ನು ಹೊತ್ತ ವಿಮಾನವೇ ದುಬಾರಿಯಾಗಿತ್ತು.

ಸಿಯಾಟಲ್, 1943ರ ಫೆಬ್ರುವರಿ

ಬಿ-29ಕ್ಕೆ ನಾಲ್ಕು ಎಂಜಿನ್. ಒಂದೊಂದೂ 2,200 ಅಶ್ವಶಕ್ತಿಯ ರೈಟ್ ಆರ್-3350. ಅದರ ಹೊಟ್ಟೆಯಲ್ಲಿ 18 ಸಿಲಿಂಡರ್, ಒಂಬತ್ತೊಂಬತ್ತರ ಎರಡು ಸುತ್ತು, ಒಂದರ ಹಿಂದೆ ಒಂದು. ಇದನ್ನು ತಂಪು ಮಾಡಲು ನೀರಿಲ್ಲ. ಎದುರಿನಿಂದ ಬೀಸುವ ಗಾಳಿಯೇ ತಂಪು ಮಾಡಬೇಕು. ಮುಂದಿನ ಸುತ್ತಿಗೆ ತಣ್ಣನೆ ಗಾಳಿ ಸಿಗುತ್ತದೆ. ಹಿಂದಿನ ಸುತ್ತಿಗೆ ಸಿಗುವುದು ಮುಂದಿನದನ್ನು ಸವರಿ ಬಿಸಿಯಾದ ಗಾಳಿ. ಗಾಳಿಯ ತಡೆ ಕಡಿಮೆಯಾಗಲಿ ಅಂತ ಎಂಜಿನ್ ಮೇಲಿನ ಹೊದಿಕೆಯನ್ನು ಬೇರೆ ಬಿಗಿಯಾಗಿ ಮಾಡಿದ್ದರು. ಒಳಗಿನ ಬಿಸಿ ಹೊರಗೆ ಹೋಗಲು ಜಾಗವೇ ಕಮ್ಮಿ.

ಇನ್ನೊಂದು ವಿಷಯ ಇನ್ನೂ ಕೆಟ್ಟದ್ದು. ತೂಕ ಇಳಿಸಬೇಕು ಅಂತ ಎಂಜಿನ್ನಿನ ಕೆಲವು ಮುಖ್ಯ ಭಾಗಗಳನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಮಾಡಿದ್ದರು. ಮೆಗ್ನೀಸಿಯಂ ತುಂಬಾ ಹಗುರ. ಆದರೆ ಒಮ್ಮೆ ಹೊತ್ತಿಕೊಂಡರೆ ಕಣ್ಣು ಕೋರೈಸುವ ಬಿಳಿ ಬೆಂಕಿ. ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ಬಿಟ್ಟರೂ ಆರುವುದಿಲ್ಲ, ಯಾಕೆಂದರೆ ಆ ಅನಿಲದೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಉರಿಯುತ್ತದೆ. ಅಂಥ ಬೆಂಕಿಯ ಹಿಂದೆಯೇ ರೆಕ್ಕೆಯ ಬೆನ್ನೆಲುಬಾದ ಉದ್ದನೆಯ ತೊಲೆ, ಅದರ ಅಕ್ಕಪಕ್ಕ ಇಂಧನದ ಟ್ಯಾಂಕು.

ಇದನ್ನು ಹಾರಿಸುತ್ತಿದ್ದವರು ಎಡ್ಡಿ ಆಲನ್. ಬೋಯಿಂಗ್‌ನ ಹಾರಾಟ ಸಂಶೋಧನೆಯ ಮುಖ್ಯಸ್ಥರು. ಮೀಸೆ ತಿರುವುವ ಧೀರ ಪೈಲಟ್ ಎಂಬ ಚಿತ್ರಕ್ಕೆ ಇವರು ಒಗ್ಗುವುದೇ ಇಲ್ಲ. ಎಂಜಿನಿಯರ್ ಮನಸ್ಸಿನವರು, ಪ್ರತಿ ಹಾರಾಟದಲ್ಲೂ ಏನು ಅಳೆಯಬೇಕು ಅಂತ ಮೊದಲೇ ಬರೆದಿಟ್ಟುಕೊಂಡು, ಅಷ್ಟನ್ನು ಅಳೆದು ಕೆಳಗಿಳಿಯುವವರು. ಎಂಜಿನ್‌ಗಳು ಅವರಿಗೆ ಪುರುಸೊತ್ತೇ ಕೊಡಲಿಲ್ಲ. 1942ರ ಡಿಸೆಂಬರ್ ಕೊನೆಯ ಹೊತ್ತಿಗೆ ಮೊದಲ ಪ್ರೊಟೊಟೈಪ್ ಹಾರಿದ್ದು ಬರೀ 27 ಗಂಟೆ ಆಸುಪಾಸು. ಅಷ್ಟರಲ್ಲಿ 16 ಸಲ ಎಂಜಿನ್ ಬದಲಾಯಿಸಿದ್ದರು. ಡಿಸೆಂಬರ್ 30ರಂದು ಎರಡನೇ ಪ್ರೊಟೊಟೈಪ್ ಮೊದಲ ಸಲ ಮೇಲೇರಿತು. ಅದೇ ಹಾರಾಟದಲ್ಲಿ ಎಂಜಿನ್ನಿಗೆ ಬೆಂಕಿ. ಆಲನ್ ಹೇಗೋ ಇಳಿಸಿಕೊಂಡು ಬಂದರು.

1943ರ ಫೆಬ್ರುವರಿ 18. ಮಧ್ಯಾಹ್ನ 12 ದಾಟಿ ಒಂಬತ್ತು ನಿಮಿಷಕ್ಕೆ ಅದೇ ಎರಡನೇ ಪ್ರೊಟೊಟೈಪ್ ಬೋಯಿಂಗ್ ಫೀಲ್ಡ್ ಬಿಟ್ಟಿತು. ಒಳಗೆ 11 ಮಂದಿ, ಹೆಚ್ಚಿನವರು ಅಳತೆ ತೆಗೆದುಕೊಳ್ಳುವ ಎಂಜಿನಿಯರ್‌ಗಳು. ಸುಮಾರು 5,000 ಅಡಿ ಎತ್ತರದಲ್ಲಿ ಒಂದನೇ ಎಂಜಿನ್ನಿಗೆ ಬೆಂಕಿ ಹತ್ತಿತು. ಎಂಜಿನ್ ನಿಲ್ಲಿಸಿದರು, ಆರಿಸುವ ಅನಿಲ ಬಿಟ್ಟರು, ವಾಪಸ್ ತಿರುಗಿದರು. ಬೆಂಕಿ ಆರಿದ ಹಾಗೇ ಕಂಡಿತು. ಅದಕ್ಕೇ ಅವಸರಪಡದೆ, ಗಾಳಿಗೆ ಎದುರಾಗಿ ಇಳಿಯುವ ಮಾಮೂಲಿ ಕ್ರಮದಂತೆ ನಗರದ ಉತ್ತರಕ್ಕೆ ಸುತ್ತಿ ಬರಲು ಹೊರಟರು. ಟ್ಯಾಂಕುಗಳಲ್ಲಿ ಇಂಧನ ತುಂಬಿತ್ತು. ಅಷ್ಟು ಭಾರದ ವಿಮಾನವನ್ನು ಗಾಳಿ ಬೆನ್ನಿಗಿರುವಾಗ ಇಳಿಸಿದರೆ ರನ್‌ವೇ ಸಾಲದೆ ಹೋಗಬಹುದಿತ್ತು.

ಆ ಸುತ್ತು ಪೂರ್ತಿಯಾಗಲಿಲ್ಲ. ಕೆಳಗಿದ್ದವರಿಗೆ ಸ್ಫೋಟದ ಸದ್ದು ಕೇಳಿಸಿತು. ರೆಕ್ಕೆಯ ಮುಂಚೂಣಿಯ ಒಳಗೇ ಬೆಂಕಿ ಹೊತ್ತಿತ್ತು. ಕೆಲವರು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು, ಅದು ಬಿಚ್ಚಿಕೊಳ್ಳುವಷ್ಟು ಎತ್ತರ ಇರಲಿಲ್ಲ. 12 ಗಂಟೆ 26 ನಿಮಿಷಕ್ಕೆ ವಿಮಾನ ರನ್‌ವೇಗೆ ಇನ್ನೂ ಸುಮಾರು ಐದು ಕಿಲೋಮೀಟರ್ ಇರುವಾಗಲೇ ಫ್ರೈ ಎಂಬ ಮಾಂಸ ಸಂಸ್ಕರಣೆ ಕಾರ್ಖಾನೆಗೆ ಬಡಿಯಿತು. ವಿಮಾನದಲ್ಲಿದ್ದ 11 ಮಂದಿಯೂ ಸತ್ತರು. ಕಾರ್ಖಾನೆಯೊಳಗೆ ಕೆಲಸ ಮಾಡುತ್ತಿದ್ದ ಸುಮಾರು 20 ಮಂದಿ ಸತ್ತರು. ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿಯೂ ಉಳಿಯಲಿಲ್ಲ. ಆಲನ್‌ಗೆ ಆಗ 47 ವರ್ಷ.

ತನಿಖೆ ಕೊನೆಗೆ ಬಂದು ನಿಂತಿದ್ದು ಇಂಧನ ತುಂಬುವ ಬಾಯಿಯ ಹತ್ತಿರ. ಅಲ್ಲಿಂದ ಸೋರಿದ ಪೆಟ್ರೋಲು ರೆಕ್ಕೆಯ ಮುಂಭಾಗದ ಟೊಳ್ಳಿಗೆ ಇಳಿದಿತ್ತು, ಬಿಸಿ ಜಾಗ ಸಿಕ್ಕಿದ ಕೂಡಲೇ ಹೊತ್ತಿಕೊಂಡಿತು. ಎಲ್ಲರ ಕಣ್ಣೂ ಎಂಜಿನ್ ಮೇಲಿತ್ತು. ಇಂಧನ ತುಂಬುವ ಬಾಯಿ ಯಾರ ಚಿಂತೆಯ ಪಟ್ಟಿಯಲ್ಲೂ ಮೊದಲಿರಲಿಲ್ಲ. ಆಮೇಲೆ ಅದರ ವಿನ್ಯಾಸ ಬದಲಾಯಿಸಿದರು, ರೆಕ್ಕೆಯ ಒಳಗೆ ಗಾಳಿ ಆಡುವ ಹಾಗೆ ಮಾಡಿದರು.

ಎಂಜಿನ್ ಕಂಪನಿಯ ವಿಚಾರಣೆ ಬೇರೆಯೇ ನಡೆಯಿತು. ಸೆನೆಟರ್ ಹ್ಯಾರಿ ಟ್ರೂಮನ್ (ಮುಂದೆ ಅಧ್ಯಕ್ಷರಾದವರು) ನೇತೃತ್ವದ ಸಮಿತಿ, ಗುಣಮಟ್ಟಕ್ಕಿಂತ ಸಂಖ್ಯೆಗೇ ಒತ್ತು ಕೊಟ್ಟಿದ್ದಾರೆ ಅಂತ ಕಂಪನಿಯನ್ನು ತರಾಟೆಗೆ ತೆಗೆದುಕೊಂಡಿತು. ಬೇಗ ಬೇಗ ಅಂತ ಮೇಲಿಂದ ಒತ್ತಡ ಹಾಕಿದ ಸೇನೆಗೂ ಅದರಲ್ಲಿ ಪಾಲಿದೆ ಎಂದಿತು.

ಒಂದು ಸಡಿಲ ನಟ್ಟು

ಇದಕ್ಕೂ ಎಂಟು ತಿಂಗಳು ಹಿಂದೆ, 1942ರ ಜೂನ್ 7ರಂದು ಇಂಗ್ಲೆಂಡಿನ ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಹತ್ತಿರ ಹ್ಯಾಲಿಫ್ಯಾಕ್ಸ್ ಬಾಂಬರ್ ಒಂದು ಬಿತ್ತು. ವಿಮಾನ ಹೊಸದೇನಲ್ಲ. ಅದರೊಳಗಿನ ರೇಡಾರ್ ಹೊಸದು. ಎಚ್2ಎಸ್ ಎಂಬ ಆ ರೇಡಾರ್ ಮೋಡ ಇದ್ದರೂ ಕತ್ತಲಿದ್ದರೂ ಕೆಳಗಿನ ನೆಲದ ಚಿತ್ರವನ್ನು ಪರದೆ ಮೇಲೆ ಮೂಡಿಸುತ್ತಿತ್ತು. ಊರು ಯಾವುದು, ನೀರು ಯಾವುದು ಅಂತ ನೋಡಿ ಹೇಳಬಹುದಿತ್ತು. ರಾತ್ರಿ ದಾಳಿಗೆ ಹೋಗುತ್ತಿದ್ದ ಬ್ರಿಟಿಷ್ ವಾಯುಪಡೆಗೆ ಇದು ಬೇಕೇ ಬೇಕಾಗಿತ್ತು.

ಸತ್ತವರು 11 ಮಂದಿ. ಅವರಲ್ಲಿ ಆಲನ್ ಬ್ಲಮ್‌ಲೈನ್ ಒಬ್ಬರು. ಇವತ್ತು ಇಯರ್‌ಫೋನಿನಲ್ಲಿ ಎಡಕ್ಕೊಂದು ಬಲಕ್ಕೊಂದು ಧ್ವನಿ ಕೇಳುತ್ತೀರಲ್ಲ, ಆ ಸ್ಟೀರಿಯೋ ಧ್ವನಿಮುದ್ರಣಕ್ಕೆ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ ಎಂಜಿನಿಯರ್ ಇವರು. ಅವರ ಜೊತೆಗೇ ರೇಡಾರ್ ತಂಡದ ಇನ್ನೂ ಕೆಲವು ಮುಖ್ಯ ಎಂಜಿನಿಯರ್‌ಗಳು ಹೋದರು. ಅಷ್ಟು ತಲೆಗಳನ್ನು ಒಂದೇ ವಿಮಾನದಲ್ಲಿ ಕೂರಿಸಬಾರದಿತ್ತು ಅಂತ ಈಗ ಹೇಳುವುದು ಸುಲಭ.

ಕಾರಣ ಎಷ್ಟು ಸಣ್ಣದು ನೋಡಿ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿ-ಇಂಧನ ಒಳಗೆ ಬಿಡುವ ವಾಲ್ವ್ ಇರುತ್ತದೆ. ಅದು ಎಷ್ಟು ತೆರೆಯಬೇಕು ಎಂಬ ಅಂತರವನ್ನು ಟ್ಯಾಪೆಟ್ ಎಂಬ ಭಾಗದಲ್ಲಿ ಹೊಂದಿಸಿ, ನಟ್ಟು ಬಿಗಿದು ಭದ್ರ ಮಾಡುತ್ತಾರೆ. ಹಾರಾಟಕ್ಕೆ ಮೊದಲು ಎಂಜಿನ್ ತಪಾಸಣೆ ಮಾಡಿದವರು ಬಲಗಡೆಯ ಹೊರ ಎಂಜಿನ್ನಿನಲ್ಲಿ ಅಂಥ ಒಂದು ನಟ್ಟನ್ನು ಸರಿಯಾಗಿ ಬಿಗಿದಿರಲಿಲ್ಲ. ಎಂಜಿನ್ ಅದುರಿದ ಹಾಗೆ ಅದು ಸಡಿಲವಾಗುತ್ತಾ ಬಂತು. ಅಂತರ ಹೆಚ್ಚಾಗಿ ವಾಲ್ವ್ ಬಡಿದುಕೊಳ್ಳಲು ಶುರುವಾಯಿತು. ಬಡಿದು ಬಡಿದು ಅದರ ಕಾಂಡ ಮುರಿಯಿತು. ವಾಲ್ವ್ ಮುಚ್ಚದೆ ಹೋದಾಗ ಸಿಲಿಂಡರಿನ ಬೆಂಕಿ ಹಿಂದಕ್ಕೆ ನುಗ್ಗಿ ಇಂಧನಕ್ಕೆ ಹತ್ತಿತು, ಅಲ್ಲಿಂದ ರೆಕ್ಕೆಗೆ. ಅವಶೇಷದಲ್ಲಿ ಸಿಕ್ಕ ಎಂಜಿನ್ ತುಂಡುಗಳನ್ನು ನೋಡಿಯೇ ಇಷ್ಟನ್ನೂ ಕಂಡುಹಿಡಿದರು. ಆಗ ಬ್ಲ್ಯಾಕ್ ಬಾಕ್ಸ್ ಇರಲಿಲ್ಲ.

ಕೆಲಸ ನಿಂತಿತಾ? ಇಲ್ಲ. ಒಂದು ತಿಂಗಳೂ ಕಳೆದಿರಲಿಲ್ಲ, ಜುಲೈ 3ರಂದು ಪ್ರಧಾನಿ ಚರ್ಚಿಲ್ ಸಭೆ ಕರೆದು ಅಕ್ಟೋಬರ್ ಮಧ್ಯದ ಹೊತ್ತಿಗೆ 200 ರೇಡಾರ್ ಬೇಕು ಅಂದರು. 1943ರ ಜನವರಿ ಕೊನೆಗೆ ಎಚ್2ಎಸ್ ಮೊದಲ ಸಲ ಯುದ್ಧದಲ್ಲಿ ಬಳಕೆಯಾಯಿತು, ಹ್ಯಾಂಬರ್ಗ್ ಮೇಲಿನ ದಾಳಿಯಲ್ಲಿ.

ಪಂಪು, ಮತ್ತು ಪಂಪಿನ ಸ್ವಿಚ್ಚು

ಅಮೆರಿಕದ ಮೊದಲ ಬಳಕೆಗೆ ಬಂದ ಜೆಟ್ ಫೈಟರ್ ಲಾಕ್‌ಹೀಡ್ ಪಿ-80. 1944ರ ಅಕ್ಟೋಬರ್ 20ರಂದು ಲಾಕ್‌ಹೀಡ್‌ನ ಮುಖ್ಯ ಟೆಸ್ಟ್ ಪೈಲಟ್ ಮೈಲೋ ಬರ್ಚಮ್ ಅದರಲ್ಲಿ ಮೇಲೇರಿದ ತಕ್ಷಣವೇ ಎಂಜಿನ್ ನಿಂತು ಸತ್ತರು. ಎಂಜಿನ್ನಿಗೆ ಇಂಧನ ತಳ್ಳುವ ಪಂಪು ಕೈಕೊಟ್ಟಿತ್ತು. ಸರಿ, ಇನ್ನೊಂದು ಪಂಪು ಜೋಡಿಸೋಣ ಅಂತ ಹೆಚ್ಚುವರಿಯಾಗಿ ವಿದ್ಯುತ್ ಪಂಪು ಹಾಕಿದರು. ಮೇಲೇರುವಾಗ ಮತ್ತು ಇಳಿಯುವಾಗ ಪೈಲಟ್ ಅದರ ಸ್ವಿಚ್ ಹಾಕಿಕೊಳ್ಳಬೇಕು.

ರಿಚರ್ಡ್ ಬಾಂಗ್ ಎಂಬ ಹೆಸರು ಆಗ ಅಮೆರಿಕದಲ್ಲಿ ಮನೆಮಾತು. ಪೆಸಿಫಿಕ್ ರಣರಂಗದಲ್ಲಿ 40 ಜಪಾನಿ ವಿಮಾನ ಹೊಡೆದುರುಳಿಸಿದ ಪೈಲಟ್. ಇಂಥವನನ್ನು ಕಳೆದುಕೊಳ್ಳುವುದು ಬೇಡ ಅಂತ ರಣರಂಗದಿಂದ ಊರಿಗೆ ಕರೆಸಿ, ಒಪ್ಪಿಗೆ ಹಾರಾಟದ ಕೆಲಸಕ್ಕೆ ಹಾಕಿದರು. 1945ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಹೊಸ ಪಿ-80 ಒಂದನ್ನು ಮೇಲೇರಿಸಿದರು. ಮುಖ್ಯ ಪಂಪು ಕೆಟ್ಟಿತು. ಹೆಚ್ಚುವರಿ ಪಂಪು ಕೆಲಸಕ್ಕೆ ಬರಲಿಲ್ಲ, ಸ್ವಿಚ್ ಹಾಕುವುದು ಮರೆತಿತ್ತು ಎಂಬುದೇ ಹೆಚ್ಚಿನವರ ಅಭಿಪ್ರಾಯ. ಬಾಂಗ್ ಹೊರಗೆ ಹಾರಿದರು, ಎತ್ತರ ಸಾಲಲಿಲ್ಲ. ಹಿರೋಷಿಮಾ ಮೇಲೆ ಬಾಂಬ್ ಬಿದ್ದ ದಿನವೇ ಅದು.

ಪಂಪು ಕೆಟ್ಟಿದ್ದಕ್ಕೆ ಹುಡುಕಿದ ಪರಿಹಾರ ಪೈಲಟ್‌ನ ನೆನಪಿನ ಮೇಲೆ ಹೊಸ ಹೊರೆ ಹಾಕಿತು. ಹಳೆಯ ವಿಮಾನದಲ್ಲಿ ಸಾವಿರಾರು ಸಲ ಮೇಲೇರಿದವರ ಕೈಗೆ ಅಭ್ಯಾಸವಾಗಿರುವ ಸಾಲು ಒಂದು, ಹೊಸ ವಿಮಾನ ಕೇಳುವ ಸಾಲು ಇನ್ನೊಂದು. ಈಗಿನ ವಿನ್ಯಾಸಕಾರರು ಇಂಥ ಪಂಪು ತಾನಾಗಿಯೇ ಶುರುವಾಗಲಿ ಅನ್ನುತ್ತಾರೆ.

ಒಪ್ಪಿಗೆ ಹಾರಾಟ ಸಲೀಸು ಅಂತ ಅಂದುಕೊಳ್ಳುವವರಿಗೆ ಅಲೆಕ್ಸ್ ಹೆನ್ಶಾ ಅವರ ಕಥೆಯೂ ಇದೆ. ಬರ್ಮಿಂಗ್‌ಹ್ಯಾಮ್ ಹತ್ತಿರದ ಕಾರ್ಖಾನೆಯಲ್ಲಿ ತಯಾರಾದ ಸ್ಪಿಟ್‌ಫೈರ್‌ಗಳಲ್ಲಿ 2,300ಕ್ಕೂ ಹೆಚ್ಚನ್ನು ಇವರೊಬ್ಬರೇ ಹಾರಿಸಿ ನೋಡಿದರು. 1942ರಲ್ಲಿ ಒಮ್ಮೆ ಎಂಜಿನ್ ದಿಢೀರ್ ನಿಂತು ಮನೆಗಳ ನಡುವೆಯೇ ಇಳಿಸಬೇಕಾಯಿತು. ವಿಮಾನ ಚೂರುಚೂರು. ಅವರು ಬದುಕಿದರು.

ವಿಜ್ಞಾನಕ್ಕೇ ಗೊತ್ತಿಲ್ಲದ ಕಾರಣಗಳೂ ಇದ್ದವು

ನಟ್ಟು, ಪಂಪು ಇವೆಲ್ಲ ಗೊತ್ತಿದ್ದ ವಿಷಯಗಳು. ಗೊತ್ತೇ ಇಲ್ಲದ್ದಕ್ಕೂ ಪೈಲಟ್‌ಗಳು ಬಲಿಯಾದರು. ಲಾಕ್‌ಹೀಡ್‌ನದೇ ಪಿ-38 ಫೈಟರ್ ಮೇಲಿಂದ ಕೆಳಕ್ಕೆ ಧುಮುಕುವಾಗ ಒಂದು ವಿಚಿತ್ರ ಆಗುತ್ತಿತ್ತು. ಮೂತಿ ತಾನಾಗಿಯೇ ಇನ್ನೂ ಕೆಳಗೆ ಬಗ್ಗುತ್ತಿತ್ತು. ಪೈಲಟ್ ಎಷ್ಟು ಎಳೆದರೂ ಕಂಟ್ರೋಲ್ ಮಿಸುಕುತ್ತಿರಲಿಲ್ಲ.

ವಿಮಾನ ಶಬ್ದದ ವೇಗಕ್ಕಿಂತ ಸಾಕಷ್ಟು ಕಡಿಮೆ ವೇಗದಲ್ಲೇ ಹೋಗುತ್ತಿದ್ದರೂ, ಉಬ್ಬಿದ ರೆಕ್ಕೆಯ ಮೇಲೆ ಹರಿಯುವ ಗಾಳಿ ಅದಕ್ಕಿಂತ ಜೋರಾಗಿ ಓಡುತ್ತದೆ. ಆ ಗಾಳಿ ಶಬ್ದದ ವೇಗ ಮುಟ್ಟಿದಾಗ ಅಲ್ಲಿ ಒತ್ತಡದ ಒಂದು ಗೋಡೆಯೇ ಎದ್ದು, ರೆಕ್ಕೆಯ ಎತ್ತುವ ಶಕ್ತಿ ಕುಸಿಯುತ್ತದೆ. ಬಾಲಕ್ಕೆ ತಾಗುವ ಗಾಳಿಯ ದಿಕ್ಕೂ ಬದಲಾಗುತ್ತದೆ. 1941ರ ನವೆಂಬರ್ 4ರಂದು ಟೆಸ್ಟ್ ಪೈಲಟ್ ರಾಲ್ಫ್ ವಿರ್ಡೆನ್ ಇದಕ್ಕೊಂದು ಪರಿಹಾರ ಪರೀಕ್ಷಿಸಲು ಹೋದರು. ಕಂಟ್ರೋಲಿಗೆ ಜಾಸ್ತಿ ಬಲ ಸಿಗಲಿ ಅಂತ ಬಾಲದಲ್ಲಿ ಪುಟ್ಟ ಪಟ್ಟಿಗಳನ್ನು ಅಳವಡಿಸಿದ್ದರು. ಬಲವೇನೋ ಸಿಕ್ಕಿತು, ಆದರೆ ಧುಮುಕಿದ ವಿಮಾನವನ್ನು ಮೇಲೆತ್ತುವ ಭರಕ್ಕೆ ಬಾಲವೇ ಕಿತ್ತು ಹೋಯಿತು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ರೆಕ್ಕೆಯ ಕೆಳಗೆ ಬಿಚ್ಚಿಕೊಳ್ಳುವ ಫ್ಲ್ಯಾಪ್ ಹಾಕಿ ಸಮಸ್ಯೆ ಬಗೆಹರಿಸುವ ಹೊತ್ತಿಗೆ 1944 ಬಂದಿತ್ತು. ಅಲ್ಲಿಯವರೆಗೂ ಅದೇ ದೋಷದ ಪಿ-38ಗಳೇ ಯುದ್ಧ ಮಾಡಿದವು.

ಸೋಲುವವರ ಅವಸರ ಇನ್ನೂ ಭಯಂಕರ. 1945ರ ಮಾರ್ಚ್ 1ರಂದು ಜರ್ಮನಿಯಲ್ಲಿ ಲೋಥಾರ್ ಸೀಬರ್ ಎಂಬ ಯುವ ಪೈಲಟ್ ನಾಟರ್ ಎಂಬ ರಾಕೆಟ್ ವಿಮಾನದಲ್ಲಿ ಕೂತರು. ಬಹುಪಾಲು ಮರದ್ದೇ ಆದ ವಿಮಾನ, ಕಂಬದಿಂದ ನೆಟ್ಟಗೆ ಮೇಲಕ್ಕೆ ಚಿಮ್ಮಬೇಕು. ಮನುಷ್ಯ ಕೂತು ಹೀಗೆ ಮೇಲೇರಿದ್ದು ಅದೇ ಮೊದಲು. ಕೆಲವೇ ಕ್ಷಣಗಳಲ್ಲಿ ಮೇಲಿನ ಗಾಜಿನ ಮುಚ್ಚಳ ಹಾರಿಹೋಯಿತು, ಒಂದು ನಿಮಿಷದ ಒಳಗೆ ವಿಮಾನ ನೆಲಕ್ಕೆ ಅಪ್ಪಳಿಸಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಯುರೋಪಿನಲ್ಲಿ ಯುದ್ಧವೇ ಮುಗಿಯಿತು.

ಗುಟ್ಟು ಕಾಯುವ ಕಷ್ಟ

ಶಾಂತಿಕಾಲದಲ್ಲಿ ಅಪಘಾತವಾದರೆ ತನಿಖೆಯಲ್ಲಿ ಕಲಿತದ್ದನ್ನು ಬೇರೆ ಕಡೆಯವರಿಗೂ ಹೇಳುತ್ತಾರೆ. ಯುದ್ಧದಲ್ಲಿ ಹೇಳುವುದು ಹೇಗೆ? ಬಿ-29 ಎಂಬ ವಿಮಾನ ಇದೆ ಅನ್ನುವುದೇ ಗುಟ್ಟು. ಸಿಯಾಟಲ್ ನಡುವೆ, ನೂರಾರು ಜನರ ಕಣ್ಣೆದುರೇ ಅದು ಬಿದ್ದಿದ್ದರೂ ಪತ್ರಿಕೆಗಳು ನಾಲ್ಕು ಎಂಜಿನ್ನಿನ ಬಾಂಬರ್ ಅಂತ ಬರೆದು ಸುಮ್ಮನಾಗಬೇಕಾಯಿತು. ಬ್ಲಮ್‌ಲೈನ್ ಸಾವಿನ ತನಿಖಾ ವರದಿ ಕೆಲವೇ ಕೈಗಳಿಗೆ ಹೋಯಿತು. ಶತ್ರುವಿಗೆ ಗೊತ್ತಾಗಬಾರದು ಎಂಬುದು ಸರಿಯೇ. ಆದರೆ ಅದೇ ಎಂಜಿನ್, ಅದೇ ಭಾಗ ಬಳಸುವ ಬೇರೆ ಮೆಕ್ಯಾನಿಕ್‌ಗಳಿಗೂ ವಿಷಯ ನಿಧಾನಕ್ಕೆ ಮುಟ್ಟುತ್ತದೆ. ಸತ್ತವರ ಮನೆಯವರಿಗಂತೂ ಏನು, ಯಾಕೆ ಅಂತ ತಿಳಿಯುವುದು ಎಷ್ಟೋ ವರ್ಷದ ನಂತರ.

ಒಟ್ಟು ನಷ್ಟದ ಅಂದಾಜು ಬೇಕಿದ್ದರೆ, ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೇ ಅಲ್ಲಿನ ಸೇನಾ ವಾಯುಪಡೆಯ ಅಪಘಾತಗಳಲ್ಲಿ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವು ತರಬೇತಿಯವು. ಪರೀಕ್ಷಾ ಹಾರಾಟಗಳದ್ದು ಅದರಲ್ಲಿ ಸಣ್ಣ ಪಾಲು.

ಆ ಎಂಜಿನ್ ನಮ್ಮ ಸೆಕೆಗೆ ಬಂದಾಗ

ಬಿ-29 ಕಥೆ ಸಿಯಾಟಲ್‌ನಲ್ಲಿ ಮುಗಿಯಲಿಲ್ಲ, ಅದು ಭಾರತಕ್ಕೆ ಬಂತು. ಈ ಭಾಗ ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

1944ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆ ಮುಖ್ಯಸ್ಥ ಹ್ಯಾಪ್ ಅರ್ನಾಲ್ಡ್ ಕನ್ಸಾಸ್ ರಾಜ್ಯಕ್ಕೆ ಹೋಗಿ ನೋಡಿದರೆ, ಹೊರಡಬೇಕಿದ್ದ ಬಿ-29ಗಳಲ್ಲಿ ಒಂದೂ ತಯಾರಿಲ್ಲ. ಕಾರ್ಖಾನೆಯಿಂದ ಹೊರಬಂದ ಮೇಲೂ ಪ್ರತಿಯೊಂದಕ್ಕೂ ಬೇಕಾದಷ್ಟು ಬದಲಾವಣೆ ಬಾಕಿ. ಮೆಕ್ಯಾನಿಕ್‌ಗಳು ಬಯಲಿನ ಕೊರೆಯುವ ಚಳಿಯಲ್ಲಿ ಹಗಲೂ ರಾತ್ರಿ ದುಡಿದು ಕೆಲವೇ ವಾರಗಳಲ್ಲಿ ಅವನ್ನು ಕಳಿಸಿದರು. ಅದಕ್ಕೆ 'ಕನ್ಸಾಸ್ ಕದನ' ಅಂತಲೇ ಹೆಸರು ಬಿತ್ತು.

ಬಂದಿದ್ದು ಎಲ್ಲಿಗೆ? ಖರಗ್‌ಪುರ, ಚಾಕುಲಿಯಾ, ಅದರ ಆಸುಪಾಸಿನ ಏರ್‌ಫೀಲ್ಡ್‌ಗಳಿಗೆ. ಮೊದಲನೆಯದು ಏಪ್ರಿಲ್ 2ರಂದು ಚಾಕುಲಿಯಾದಲ್ಲಿ ಇಳಿಯಿತು. ಅಂದರೆ ಚಳಿಯಲ್ಲೇ ಬಿಸಿಯಾಗಿ ಹೊತ್ತಿಕೊಳ್ಳುತ್ತಿದ್ದ ಎಂಜಿನ್ ಏಪ್ರಿಲ್-ಮೇ ಬಿಸಿಲಿಗೆ ಬಂತು. ಹೊರಗಿನ ಶಾಖ 46 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಎಂಜಿನ್ ನಡೆಸುವಂತಿರಲಿಲ್ಲ. ಏಪ್ರಿಲ್ ಮಧ್ಯದಲ್ಲಿ ದಾರಿಯಲ್ಲಿ ಕರಾಚಿಯ ಸುತ್ತಮುತ್ತಲೇ ಐದು ಬಿ-29 ಬಿದ್ದವು. ತಂಪು ಮಾಡೋಣ ಅಂತ ಎಂಜಿನ್ ಹೊದಿಕೆಯ ರೆಪ್ಪೆಗಳನ್ನು ಅಗಲ ತೆರೆದರೆ ಗಾಳಿಯ ತಡೆ ಜಾಸ್ತಿಯಾಗಿ ವಿಮಾನ ಮೇಲೇರುವುದಿಲ್ಲ, ಮುಚ್ಚಿದರೆ ಸಿಲಿಂಡರ್ ಬೇಯುತ್ತದೆ. ಪೈಲಟ್‌ಗಳು ಇವೆರಡರ ನಡುವೆ ಒದ್ದಾಡಿದರು.

ಜೂನ್ 5ರಂದು ಬಿ-29ಗಳ ಮೊದಲ ದಾಳಿ ಬ್ಯಾಂಕಾಕ್‌ನ ರೈಲ್ವೆ ಯಾರ್ಡ್ ಮೇಲೆ. ಇಲ್ಲಿಂದ 98 ವಿಮಾನ ಹೊರಟವು. ಐದು ನಷ್ಟವಾದವು, ಆ ಐದರಲ್ಲಿ ಒಂದನ್ನೂ ಶತ್ರು ಹೊಡೆದಿರಲಿಲ್ಲ. ಪರೀಕ್ಷೆಯಲ್ಲಿ ಮುಗಿಯಬೇಕಿದ್ದ ಪಾಠ ಯುದ್ಧದಲ್ಲೇ ನಡೆಯುತ್ತಿತ್ತು ಅಂತ ನಾನು ಓದಿಕೊಳ್ಳುವುದು ಇದನ್ನೇ. ಆದರೆ ತಡೆದು, ತಿದ್ದಿ, ಇನ್ನೊಂದು ವರ್ಷ ಬಿಟ್ಟು ಕಳಿಸಿದ್ದರೆ ಯುದ್ಧ ಏನಾಗುತ್ತಿತ್ತು ಎಂಬ ಲೆಕ್ಕವನ್ನೂ ಆಗಿನವರು ಹಾಕಲೇಬೇಕಿತ್ತು.

ಇದೇ ವೇಳೆ ಬೆಂಗಳೂರಿನಲ್ಲಿ ಬೇರೆ ಬಗೆಯ ಕೆಲಸ ನಡೆಯುತ್ತಿತ್ತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಯಿತು. ಡಕೋಟ ಸಾಗಣೆ ವಿಮಾನ, ನೀರಿನ ಮೇಲೂ ಇಳಿಯುವ ಕೆಟಲೀನಾ ಇವೆಲ್ಲ ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಮೇಲೆ ಹೇಳಿದ ಮೂರನೇ ಬಗೆಯ ಹಾರಾಟ ಇಂಥ ಡಿಪೋಗಳದೇ ಕಸುಬು.

ಈಗ ಏನು ಬೇರೆ?

ಹಾರಾಟದ ಪ್ರತಿ ಕ್ಷಣದ ಅಳತೆ ಈಗ ರೇಡಿಯೋ ಮೂಲಕ ನೆಲಕ್ಕೆ ಬರುತ್ತದೆ. ಇದಕ್ಕೆ ಟೆಲಿಮೆಟ್ರಿ ಅನ್ನುತ್ತಾರೆ. ಕೆಳಗೆ ಕೂತ ಎಂಜಿನಿಯರ್‌ಗಳು ಪರದೆ ನೋಡುತ್ತಾ, ಯಾವುದೋ ಒಂದು ಅಂಕಿ ಹಾದಿ ತಪ್ಪಿದರೂ ಸಾಕು, ವಾಪಸ್ ಬನ್ನಿ ಅಂತಾರೆ. ಹೊಸ ವಿಮಾನವನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಸಾಕಷ್ಟು 'ಹಾರಿಸಿ' ಆಗಿರುತ್ತದೆ. ರನ್‌ವೇ ಮೇಲೆ ನಿಂತಿದ್ದರೂ ಪೈಲಟ್‌ನನ್ನು ಮೇಲಕ್ಕೆಸೆದು ಪ್ಯಾರಾಚೂಟ್ ಬಿಚ್ಚುವ ಇಜೆಕ್ಷನ್ ಸೀಟುಗಳು ಬಂದಿವೆ. ಬಾಂಗ್‌ಗಾಗಲಿ ಸಿಯಾಟಲ್‌ನಲ್ಲಿ ಹಾರಿದವರಿಗಾಗಲಿ ಅದು ಇರಲಿಲ್ಲ. ಟೆಸ್ಟ್ ಪೈಲಟ್‌ಗಳಿಗೆ ಪ್ರತ್ಯೇಕ ಶಾಲೆ ಇದೆ, ನಮ್ಮ ವಾಯುಪಡೆಯದು ಬೆಂಗಳೂರಿನಲ್ಲೇ ಇದೆ.

ಇಷ್ಟಿದ್ದೂ ಅಪಾಯ ಹೋಗಿಲ್ಲ. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾರದು ಅಂತ ಗೊತ್ತೋ. ಭಾರತದಲ್ಲಿ ತಯಾರಾದ ಎಚ್‌ಎಫ್-24 ಮಾರುತ್ ಜೆಟ್ ಫೈಟರನ್ನು 1961ರಲ್ಲಿ ಇಲ್ಲೇ ಮೊದಲ ಸಲ ಹಾರಿಸಿದ ಗ್ರೂಪ್ ಕ್ಯಾಪ್ಟನ್ ಅವರು. 1970ರ ಜನವರಿ 10ರಂದು ಅದೇ ಮಾರುತ್‌ನ ಹೊಸ ರೂಪವನ್ನು ಪರೀಕ್ಷಿಸುವಾಗ ತೀರಿಕೊಂಡರು. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಸಾರಸ್ ಎಂಬ ಸಣ್ಣ ಪ್ರಯಾಣಿಕ ವಿಮಾನದ ಪ್ರೊಟೊಟೈಪ್ ಬಿದ್ದು ವಾಯುಪಡೆಯ ಮೂವರು ಸತ್ತಾಗ, ಅವರು ಹಾರಾಟದ ನಡುವೆ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಮಾಡುತ್ತಿದ್ದರು. ಬೇಕಂತಲೇ ಎಂಜಿನ್ ನಿಲ್ಲಿಸಿ ನೋಡುವುದು ಪರೀಕ್ಷೆಯ ಪಟ್ಟಿಯಲ್ಲೇ ಇರುವ ಕೆಲಸ.

ಇನ್ನು ತಡ ಯಾಕೆ ಎಂಬ ಪ್ರಶ್ನೆ. ಬಿ-29 ಮೊದಲ ಹಾರಾಟದಿಂದ ಮೊದಲ ದಾಳಿಗೆ ತೆಗೆದುಕೊಂಡಿದ್ದು ಇಪ್ಪತ್ತೊಂದು ತಿಂಗಳಿಗೂ ಕಡಿಮೆ. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರ ಜುಲೈನಲ್ಲಿ. ತಡಕ್ಕೆ ಹಣ, ಎಂಜಿನ್, ಆಡಳಿತ ಹೀಗೆ ನೂರೆಂಟು ಕಾರಣ ಇವೆ, ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟಲಾಗದು. ಆದರೆ ಆ ಹದಿನೈದು ವರ್ಷಗಳ ಪರೀಕ್ಷಾ ಹಾರಾಟದಲ್ಲಿ ಒಂದೇ ಒಂದು ತೇಜಸ್ ಕೂಡ ಬೀಳಲಿಲ್ಲ.